ಫುಲ್ಡಾದಲ್ಲಿ ಇಳಿದ ಎಮ್ಮೆಲ್ಲೆ

ಗಡಗಡ, ಗಡಗಡ. ಕಲ್ಲು ಹಾಸಿದ ಬೀದಿಯಲ್ಲಿ ನನ್ನ ಸೂಟ್‌ಕೇಸಿನ ಗಾಲಿಗಳು ಮಾಡಿದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅಂದು ನವೆಂಬರ್ ಮಂಜು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮಗಳು ರೇಖಾ ಹಿಂದಿನಿಂದ, “ಅಮ್ಮ, ಸ್ವಲ್ಪ ಎತ್ತಿ ಹಿಡ್ಕೋ, ಕೆಳಗಿನ ಮನೆ ಅಜ್ಜಿ ಕಿಟಕಿ ತೆಗೆದು ನೋಡ್ತಾಳೆ” ಎಂದಳು. ನಾನೂ ಅಜ್ಜಿಯೇ, ಎತ್ತಿ ಹಿಡಿಯುವುದು ಹೇಗೆ? ಗಡಗಡ ಎನಿಸಿಕೊಂಡೇ ಟ್ರಾಮ್ ಸ್ಟಾಪಿನವರೆಗೆ ನಡೆದೆ.

ಬರ್ಲಿನ್‌ನಲ್ಲಿ ಓದುತ್ತಿರುವ ಮೊಮ್ಮಗಳು ಅದಿತಿಯನ್ನು ನೋಡಲು ಹೊರಟಿದ್ದೆ. ಎಪ್ಪತ್ತು ದಾಟಿದ ಮೇಲೆ, ಭಾಷೆ ಗೊತ್ತಿಲ್ಲದ ದೇಶದಲ್ಲಿ, ಒಬ್ಬಳೇ ಟ್ರೇನಿನಲ್ಲಿ. ಟಿಕೆಟ್ ಅಗ್ಗದ್ದು, ಮೂವತ್ತು ಯೂರೋ ಚಿಲ್ಲರೆ. ಅಗ್ಗದ ಟಿಕೆಟ್ಟಿಗೆ ಇಲ್ಲಿ ಒಂದು ಶರತ್ತು, ಬುಕ್ ಮಾಡಿದ ಟ್ರೇನನ್ನೇ ಹತ್ತಬೇಕು. ಅದು ತಪ್ಪಿದರೆ ಏನು ಗತಿ ಎಂದು ಎರಡು ದಿನದಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಫ್ರಾಂಕ್‌ಫರ್ಟ್ ತಲುಪಿ ಬೋರ್ಡ್ ನೋಡಿದರೆ ಆ ಟ್ರೇನೇ ಕ್ಯಾನ್ಸಲ್. ಮುಂದಿನದು ಎರಡು ಗಂಟೆಯ ಮೇಲೆ. ರಿಸರ್ವೇಶನ್ನೂ ಹೋಯಿತು.

ರೇಖಾಗೆ ಆಫೀಸಿನಲ್ಲಿ ಮೀಟಿಂಗ್. ಆದರೂ ಕಾದು, ನನ್ನನ್ನು ಬೋಗಿ ಹತ್ತಿಸಿ, “ಟಿಕೆಟ್ ಇದಕ್ಕೂ ನಡೆಯುತ್ತೆ, ಹೆದರ್ಬೇಡ. ಆದ್ರೆ ಬರ್ಲಿನ್ ಅನ್ನೋ ಬೋರ್ಡ್ ಕಾಣೋವರೆಗೂ ಸೀಟಿಂದ ಏಳಬೇಡ. ಎಲ್ಲೂ ಇಳೀಬೇಡ. ಪ್ರಾಮಿಸ್?” ಎಂದಳು. ಪ್ರಾಮಿಸ್ ಎಂದೆ.

ಬೋಗಿಯ ತುಂಬ ಜನ. ನಡುವಿನಲ್ಲಿ ಒಂದು ಸೀಟು ಮಾತ್ರ ಖಾಲಿ ಇತ್ತು. ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸು, ದುಂಡು ಮುಖ, ಕಪ್ಪು ಕೂದಲು, ಕಿವಿಯಲ್ಲಿ ಬೂದು ಬಣ್ಣದ ತುಪ್ಪಳದ ಓಲೆ. “ಈಸ್ ದಿಸ್ ಸೀಟ್ ಫ್ರೀ?” ಎಂದೆ. ಆಕೆ ನನ್ನನ್ನು ನೋಡಿ ಎರಡೂ ಹುಬ್ಬುಗಳನ್ನು ಮೇಲೆತ್ತಿದಳು, ಅಷ್ಟೆ. ಕಾನ್ವೆಂಟಿನಲ್ಲಿ ನಮ್ಮ ಮದರ್ ಸುಪೀರಿಯರ್ ಹಾಗೆ ಹುಬ್ಬೆತ್ತಿದರೆ ಕ್ಲಾಸಿನಿಂದ ಆಚೆಗೆ ಹೋಗು ಎಂದರ್ಥ. ನಾನು ನಿಂತೇ ಇದ್ದೆ. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಹುಬ್ಬು ಮೇಲೆ ಹೋಯಿತು. ಕೊನೆಗೆ ಆಕೆಗೇ ನಗು ಬಂತು.

“ಸಾರಿ, ಸಾರಿ. ನಮ್ಮ ಕಡೆ ಹುಬ್ಬೆತ್ತಿದರೆ ಯೆಸ್. ಮೂಗು ಸುಕ್ಕು ಮಾಡಿದರೆ ನೋ. ಕೂತ್ಕೊಳ್ಳಿ.”

ಸ್ವಲ್ಪ ಹೊತ್ತಿಗೆ ಫ್ಲಾಸ್ಕ್ ತೆಗೆದು ಟೀ ಬೇಕೇ ಎಂದಳು. ನಾನು ಖುಷಿಯಿಂದ ನಮ್ಮ ರೀತಿಯಲ್ಲಿ ತಲೆ ಆಡಿಸಿದೆ. ಆಕೆ ಪೆಚ್ಚಾಗಿ ಕಪ್ಪನ್ನು ಹಿಂದಕ್ಕೆ ಎಳೆದುಕೊಂಡಳು. ಈಗ ನಗುವ ಸರದಿ ನನ್ನದು. “ಅದು ಯೆಸ್ ಕಣಮ್ಮ! ನಮ್ಮ ಕಡೆ ಹೀಗೆ ಅಲ್ಲಾಡಿಸಿದರೆ ಯೆಸ್!” ಎಂದೆ. ಟೀ ಬಂತು. ಹಾಲಿಲ್ಲದ, ಕಡು ಕಪ್ಪು ಟೀ. ನಾನು ಕೋಡುಬಳೆಯ ಡಬ್ಬಿ ತೆಗೆದೆ. ಆಕೆ ಗುಲಾಬಿ ಬಣ್ಣದ ಒಣ ಮೀನು ಮುಂದೆ ಹಿಡಿದಳು. ನಾನು ಮೂಗು ಸುಕ್ಕು ಮಾಡಿದೆ. ಆಕೆ ಬಿದ್ದು ಬಿದ್ದು ನಕ್ಕಳು.

ಹೆಸರು ಎಲಿಸಾಪಿ. ಕೆನಡಾದ ಉತ್ತರ ತುದಿಯ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನ, ಅಲ್ಲಿನ ಶಾಸನಸಭೆಯ ಸದಸ್ಯೆ. ಬರ್ಲಿನ್‌ನಲ್ಲಿ ಉತ್ತರದ ಜನರನ್ನು ಕುರಿತು ಒಂದು ಕಾನ್ಫರೆನ್ಸ್ ಇತ್ತಂತೆ, ಅಲ್ಲಿ ಮಾತಾಡಲು ಹೊರಟಿದ್ದಳು.

“ಹಾಗಾದರೆ ನೀವು ಎಮ್ಮೆಲ್ಲೆ!” ಎಂದೆ. “ನಮ್ಮೂರಲ್ಲಿ ಎಮ್ಮೆಲ್ಲೆ ಅಂದರೆ ಮುಂದೆ ಎರಡು ಕಾರು, ಹಿಂದೆ ಎರಡು ಕಾರು. ನೀವು ಸೆಕೆಂಡ್ ಕ್ಲಾಸಲ್ಲಿ ಮೀನು ತಿಂತಾ ಕೂತಿದ್ದೀರಲ್ಲ?”

“ನನ್ನ ಕ್ಷೇತ್ರದಲ್ಲಿ ಮೂರು ಹಳ್ಳಿ. ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ, ವಿಮಾನದಲ್ಲೇ ಹೋಗಬೇಕು. ಕಾರು ಇಟ್ಟುಕೊಂಡು ಏನು ಮಾಡಲಿ?”

ಅಲ್ಲಿ ಪಾರ್ಟಿಗಳೂ ಇಲ್ಲವಂತೆ. ಹಾಗಾದರೆ ಯಾರು ಯಾರನ್ನು ಬೈಯುವುದು ಎಂದು ಕೇಳಿದೆ. “ಎಲ್ಲರೂ ಎಲ್ಲರನ್ನೂ. ಆದರೆ ನಿಧಾನವಾಗಿ, ಒಬ್ಬರಾದ ಮೇಲೆ ಒಬ್ಬರು” ಎಂದಳು. ನಗುತ್ತಲೇ ಹೇಳಿದರೂ ಕಣ್ಣು ಮತ್ತೆ ಮತ್ತೆ ಮೊಬೈಲಿನ ಕಡೆಗೆ ಹೋಗುತ್ತಿತ್ತು. ಏನಾಯಿತು ಎಂದು ನಾನೇ ಕೇಳಿದೆ.

ಮೂರು ಹಳ್ಳಿಗಳಲ್ಲಿ ಅತಿ ಚಿಕ್ಕದರಲ್ಲಿ ಒಬ್ಬಳು ನರ್ಸ್ ಇದ್ದಾಳೆ. ಈ ಸಲದ ಬಜೆಟ್ಟಿನಲ್ಲಿ, ಚಳಿಗಾಲಕ್ಕೆ ಅಲ್ಲಿ ನರ್ಸ್ ಬೇಡ, ಯಾರಿಗಾದರೂ ಕಾಯಿಲೆಯಾದರೆ ವಿಮಾನ ಕಳಿಸುತ್ತೇವೆ ಎಂದು ಬರೆದಿದ್ದಾರೆ. “ಹಿಮಗಾಳಿ ಎದ್ದರೆ ವಿಮಾನ ಎಲ್ಲಿ ಬರುತ್ತೆ? ಕಳೆದ ವರ್ಷ ನನ್ನ ಅಣ್ಣನಿಗೆ ಎದೆ ಹಿಡಿದುಕೊಂಡಾಗ ಮನೆ ಬಾಗಿಲು ತೆಗೆಯೋಕೂ ಆಗದಷ್ಟು ಗಾಳಿ. ನರ್ಸ್ ಹಗ್ಗ ಹಿಡಿದುಕೊಂಡು ನಡೆದು ಬಂದಳು. ಅಣ್ಣ ಉಳಿದ.” ಆ ಸಾಲನ್ನು ಬಜೆಟ್ಟಿನಿಂದ ತೆಗೆಯಬೇಕೆಂದು ಎಲಿಸಾಪಿ ಮೋಷನ್ ತಂದಿದ್ದಳು. ಓಟು ಮುಂದಿನ ವಾರ ಇತ್ತು. ಈಗ ರಾಜಧಾನಿಯ ಕಡೆಗೆ ಬಿರುಗಾಳಿ ಬರುತ್ತಿದೆ ಎಂದು ಇವತ್ತೇ ಇಟ್ಟುಕೊಂಡಿದ್ದಾರೆ. ಅಲ್ಲಿ ಬೆಳಿಗ್ಗೆ ಒಂಬತ್ತು, ಇಲ್ಲಿ ಮಧ್ಯಾಹ್ನ ಮೂರು. ದೂರದಲ್ಲಿರುವ ಸದಸ್ಯರು ವಿಡಿಯೋದಲ್ಲಿ ಓಟು ಮಾಡಬಹುದು, ಆದರೆ ಮುಖ ಕಾಣಬೇಕು, ದನಿ ಕೇಳಬೇಕು. “ಬರ್ಲಿನ್ ಹೋಟೆಲಲ್ಲಿ ಕೂತು ಮಾಡೋಣ ಅಂತಿದ್ದೆ. ಈಗ ಟ್ರೇನಲ್ಲೇ ಮೂರಾಗುತ್ತೆ. ನನ್ನ ಓಟು ಬಿದ್ದರೆ ಎರಡೂ ಕಡೆ ಸಮ, ಆಮೇಲೆ ಕೊನೆಯ ಓಟು ಸಭೆಯ ಅಧ್ಯಕ್ಷೆಯದು. ಬೀಳದಿದ್ದರೆ ಒಂದರಿಂದ ಸೋಲು.”

ಅಷ್ಟರಲ್ಲಿ ಟ್ರೇನು ಹೊಲದ ನಡುವೆ ನಿಂತುಬಿಟ್ಟಿತು. ಆಕೆಯ ಮೊಬೈಲಿನಲ್ಲಿ ಸಿಗ್ನಲಿನ ಒಂದು ಗೆರೆಯೂ ಇಲ್ಲ. ನನ್ನದರಲ್ಲೂ ಇಲ್ಲ. “ಅಯ್ಯೋ ದೇವರೇ, ಈಗೇನಪ್ಪ ಮಾಡೋದು!” ಎಂದು ನನ್ನ ಬಾಯಿಂದ ಕನ್ನಡ ಬಂದದ್ದೇ ತಡ, ಮುಂದಿನ ಸೀಟಿನಿಂದ ಗಡ್ಡದ ಮುಖವೊಂದು ತಿರುಗಿತು.

“ಆಂಟಿ, ಕನ್ನಡದವ್ರಾ? ನಾನು ಇಮ್ರಾನ್, ಶಿವಮೊಗ್ಗ. ಇಲ್ಲಿ ಶ್ವೀಬರ್ಡಿಂಗೆನ್ ಅನ್ನೋ ಊರಲ್ಲಿ ಕೆಲಸ, ಕಾರಿನ ಎಲೆಕ್ಟ್ರಾನಿಕ್ಸು. ಈಗ ಬರ್ಲಿನ್ನಲ್ಲಿ ಹೊಸ ಜಾಬ್ ಸಿಕ್ಕಿದೆ, ಮನೆ ನೋಡಕ್ಕೆ ಹೊರಟಿದ್ದೀನಿ.”

ವಿಷಯ ಹೇಳಿದೆ. ಆತ ತಲೆ ಚಚ್ಚಿಕೊಂಡ. “ಈ ಲೈನಲ್ಲಾ? ಆಗದ ಮಾತು ಆಂಟಿ. ಫುಲ್ಡಾ ದಾಟಿದ್ಮೇಲೆ ಬರೀ ಟನಲ್ಲು. ಒಂದು ಟನಲ್ಲಿಂದ ಆಚೆ ಬಂದು ಹಲೋ ಅನ್ನೋದ್ರೊಳಗೆ ಇನ್ನೊಂದು. ಮೊನ್ನೆ ನಮ್ಮ ಬಾಸ್ ನಂಗೆ ಬೈತಾ ಇದ್ದ, ಅರ್ಧ ಬೈಗುಳ ಟನಲ್ಲಲ್ಲೇ ಹೋಯ್ತು.” ಆಮೇಲೆ ಗಂಭೀರನಾಗಿ, “ಓಟು ಬೇಕೇ ಬೇಕು ಅಂದ್ರೆ ಫುಲ್ಡಾದಲ್ಲಿ ಇಳೀಲಿ. ಸ್ಟೇಷನ್ನಲ್ಲಿ ನೆಟ್‌ವರ್ಕ್ ಚೆನ್ನಾಗಿದೆ” ಎಂದ.

ನಾನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಎಲಿಸಾಪಿ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮೊಬೈಲು, ಚಾರ್ಜರ್ ಬಾಯಲ್ಲಿ. ಆ ಅವಸ್ಥೆ ನೋಡಿ ನನಗೆ ಕೂರಲಾಗಲಿಲ್ಲ. “ಫೋನು ಹಿಡಿಯೋಕಾದರೂ ಒಬ್ಬರು ಬೇಕಲ್ಲ, ನಾನೂ ಬರ್ತೀನಿ” ಎಂದೆ.

“ಆಂಟಿ, ನೀವ್ಯಾಕೆ?” ಎಂದ ಇಮ್ರಾನ್. “ನಾನೇ ಇಳೀತಿದ್ದೆ, ಆದ್ರೆ ಒಂದು ಮನೆ ನೋಡಕ್ಕೆ ಅಲ್ಲಿ ಅರವತ್ತು ಜನ ಲೈನಲ್ಲಿರ್ತಾರೆ. ಲೇಟಾದ್ರೆ ಮುಗೀತು ಕಥೆ.”

“ನೀನು ಮನೆ ನೋಡಪ್ಪ. ನನ್ನ ಮೊಮ್ಮಗಳ ನಂಬರ್ ಕೊಡ್ತೀನಿ, ಒಂದು ಮೆಸೇಜ್ ಹಾಕು, ಸಾಕು. ನನ್ನ ಮಗಳು ರೇಖಾಗೆ ಮಾತ್ರ ಹೇಳಬೇಡ ಅಂತಲೂ ಬರಿ.”

ಟ್ರೇನು ಕೊನೆಗೂ ಹೊರಟು ಫುಲ್ಡಾ ತಲುಪಿದಾಗ ಅವನೇ ನಮ್ಮ ಸಾಮಾನು ಇಳಿಸಿಕೊಟ್ಟ. ಟ್ರೇನು ಹೊರಟುಹೋಯಿತು. ಗಾಳಿ ಮೂಳೆ ಕೊರೆಯುತ್ತಿತ್ತು. ಎಲಿಸಾಪಿ ಕೋಟಿನ ಗುಂಡಿಯನ್ನೂ ಹಾಕಿರಲಿಲ್ಲ. ಕಾಯುವ ಜನರಿಗಾಗಿ ಕಟ್ಟಿದ ಗಾಜಿನ ಗೂಡಿನಲ್ಲಿ ಬೆಂಚಿನ ಮೇಲೆ ಕೂತಳು. ನಾನು ಎದುರು ನಿಂತು ಎರಡೂ ಕೈಯಲ್ಲಿ ಮೊಬೈಲ್ ಹಿಡಿದೆ. ಒಂದು ಸಲ ಕರೆ ಕಟ್ಟಾಯಿತು. ಎರಡನೆಯ ಸಲ ತೆರೆಯ ಮೇಲೆ ಬರೀ ಒಂದು ಚಕ್ರ ಸುತ್ತುತ್ತ ನಿಂತಿತು. ಎದುರಿನ ಗಡಿಯಾರದಲ್ಲಿ ಮೂರು ದಾಟಿತು. ಮೂರನೆಯ ಸಲ ಚಿಕ್ಕ ಚಿಕ್ಕ ಚೌಕಗಳಲ್ಲಿ ಮುಖಗಳು ಬಂದವು.

ಮೊಬೈಲನ್ನು ಆಕೆಯ ಮುಖದ ಕಡೆಗೆ ತಿರುಗಿಸಿ ಹಿಡಿದೆ. ಈಗ ನನ್ನ ಕಡೆಗೆ ಅದರ ಬೆನ್ನು, ಹಾಗಾಗಿ ಮಾತು ಮಾತ್ರ ಕೇಳುತ್ತಿತ್ತು. ಕ್ಲರ್ಕ್ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಯೆಸ್. ನೋ. ನೋ. ಯೆಸ್. ನಡುವೆ ಅಧ್ಯಕ್ಷೆ ತಮ್ಮ ಭಾಷೆಯಲ್ಲಿ ಎಲಿಸಾಪಿಗೆ ಏನೋ ಮೆತ್ತಗೆ ಹೇಳಿದರು, ಮನೆಯವರು ಮಾತಾಡಿಸಿದ ಹಾಗೆ. ಆಮೇಲೆ ಕ್ಲರ್ಕ್ ಆಕೆಯ ಹೆಸರು ಕೂಗಿದ.

ಎಲಿಸಾಪಿ ಹುಬ್ಬು ಮೇಲೆತ್ತಿದಳು. ಹಾಗೇ ಕೂತಳು.

ಆಕೆಯ ಮಟ್ಟಿಗೆ ಉತ್ತರ ಕೊಟ್ಟಾಗಿತ್ತು. ಅಲ್ಲಿ ಕ್ಲರ್ಕ್, “ಸದಸ್ಯರ ದನಿ ಕೇಳಿಸುತ್ತಿಲ್ಲ” ಎಂದ. ಆಕೆ ಇನ್ನೂ ದೊಡ್ಡದಾಗಿ ಹುಬ್ಬೆತ್ತಿದಳು. ಕ್ಲರ್ಕ್ ಮುಂದಿನ ಹೆಸರಿಗೆ ಹೋಗಲು ಗಂಟಲು ಸರಿಮಾಡಿಕೊಂಡದ್ದು ನನಗೆ ಕೇಳಿಸಿತು. “ಬಾಯಿ ಬಿಟ್ಟು ಹೇಳೇ!” ಎಂದು ಕಿರುಚಿದೆ, ಅಚ್ಚ ಕನ್ನಡದಲ್ಲಿ. ಬೆಂಚಿನ ತುದಿಯಲ್ಲಿ ಪೇಪರ್ ಓದುತ್ತಿದ್ದ ಮುದುಕ ಬೆಚ್ಚಿಬಿದ್ದ. ಎಲಿಸಾಪಿಯೂ ಬೆಚ್ಚಿ, ಅದೇ ಉಸಿರಿಗೆ “ಯೆಸ್! ಐ ವೋಟ್ ಯೆಸ್!” ಎಂದು ಕೂಗಿದಳು.

ಎರಡೂ ಕಡೆ ಸಮ. ಈಗ ಅಧ್ಯಕ್ಷೆಯ ಸರದಿ. ನನ್ನ ಕೈ ಜೋಮು ಹಿಡಿದಿತ್ತು, ಇಳಿಸಲು ಧೈರ್ಯವಿರಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟು: ಚರ್ಚೆ ಮುಗಿದಿಲ್ಲ, ತಮ್ಮ ಓಟಿನಿಂದ ತಾವು ಅದನ್ನು ಮುಗಿಸುವುದಿಲ್ಲ, ಬಿರುಗಾಳಿ ಕಳೆದ ಮೇಲೆ ಮತ್ತೆ ಕೂರೋಣ, ಎಲ್ಲರೂ ಸಭೆಯಲ್ಲೇ ಇರಬೇಕು.

ಎಲಿಸಾಪಿ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು, ತಣ್ಣಗಾದ ನನ್ನ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಉಜ್ಜಿದಳು. “ಸೋತಿಲ್ಲ, ಆಂಟಿ” ಎಂದಳು. ಇಮ್ರಾನನಿಂದ ಕಲಿತ ಪದ. “ಗೆದ್ದೂ ಇಲ್ಲ. ಆ ಕಡೆ ಇರುವ ಒಬ್ಬರ ಮನಸ್ಸು ತಿರುಗಿದರೆ ಸಾಕು. ಬಿರುಗಾಳಿ ಬರುವ ಮೊದಲು ನಾನು ಊರು ಸೇರಬೇಕು, ಇಲ್ಲದಿದ್ದರೆ ವಿಮಾನ ನಿಂತುಹೋಗುತ್ತೆ.”

“ಕಾನ್ಫರೆನ್ಸ್?”

“ಅಲ್ಲಿ ಮಾತಾಡೋಕೆ ಬೇರೆ ಜನ ಇದ್ದಾರೆ.”

ಫ್ರಾಂಕ್‌ಫರ್ಟ್ ಕಡೆಗೆ ಹೋಗುವ ಟ್ರೇನು ಎದುರಿನ ಪ್ಲಾಟ್‌ಫಾರ್ಮಿಗೆ ಬರಲಿತ್ತು. ಆಕೆ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, ಉಳಿದ ಕೋಡುಬಳೆಯನ್ನು ನಾಚಿಕೆಯಿಲ್ಲದೆ ಜೇಬಿಗೆ ತುಂಬಿಕೊಂಡು ಓಡಿದಳು. ನಾನು ಕತ್ತಲಾದ ಮೇಲೆ ಬರ್ಲಿನ್ ಸೇರಿದ್ದು, ಅಜ್ಜಿಯನ್ನು ಜರ್ಮನ್ನರಂತೆ ಓಮಾ ಎನ್ನುವ ಅದಿತಿ “ಓಮಾ, ಯು ಆರ್ ಇಂಪಾಸಿಬಲ್!” ಎಂದು ತಬ್ಬಿದ್ದು, ರೇಖಾ ಫೋನಿನಲ್ಲಿ ಬೈದದ್ದು, ಇದೆಲ್ಲ ಆಮೇಲಿನ ಮಾತು. ಆಗ ಹಳಿಗಳ ಆಚೆಗೇ ನೋಡುತ್ತ ನಿಂತಿದ್ದೆ.

ಟ್ರೇನು ಬಂತು. ಆಕೆಗೆ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ನಾನು ಕೈ ಬೀಸಿದೆ. ಆಕೆ ನೋಡಲಿಲ್ಲ. ಮೊಬೈಲ್ ಆಗಲೇ ಕಿವಿಯಲ್ಲಿತ್ತು. ನಿಧಾನವಾಗಿ, ಒಬ್ಬರಾದ ಮೇಲೆ ಒಬ್ಬರು ಮಾತಾಡುವ ಸಭೆಯವಳು ಈಗ ಯಾರಿಗೂ ಉಸಿರಾಡಲು ಬಿಡದಂತೆ ಮಾತಾಡುತ್ತಿದ್ದಳು, ಖಾಲಿ ಕೈಯನ್ನು ಗಾಜಿಗೆ ಬಡಿಯುವಷ್ಟು ಜೋರಾಗಿ ಆಡಿಸುತ್ತ. ಮುಖ ಕೆಂಪಾಗಿತ್ತು. ಟ್ರೇನು ಚಲಿಸಿತು, ಕಿಟಕಿ ಮುಂದಕ್ಕೆ ಸರಿಯಿತು, ಆ ಕೈ ಇನ್ನೂ ಆಡುತ್ತಲೇ ಇತ್ತು. ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಹಾಗೆ.