ದೇವರ ಮುಂದೆ ಕಮೋಡ್ ಸೀಟು

ಕಮೋಡಿನ ಸೀಟು ಯಾವತ್ತಾದರೂ ನಿಮ್ಮ ತೊಡೆ ಕಚ್ಚಿದೆಯೇ? ನಾಚಿಕೆ ಬಿಟ್ಟು ಹೇಳಿ. ನಮ್ಮ ಮನೆಯದು ಕಚ್ಚುತ್ತಿತ್ತು. ಸೀಟು ಒಂದು ಕಡೆ ಸೀಳಿತ್ತು. ಕೂತಾಗ ಬಿರುಕು ಬಾಯಿ ಬಿಡುತ್ತಿತ್ತು, ಏಳುವಾಗ ಗಬಕ್ಕನೆ ಮುಚ್ಚಿಕೊಳ್ಳುತ್ತಿತ್ತು.

ನಾನು ಹೇಗೋ ಸಹಿಸಿಕೊಂಡೆ. ಆದರೆ ಅತ್ತೆಗೆ ಮಂಡಿ ಆಪರೇಷನ್ ಆಗಿ ಮೂರೇ ವಾರ. ಇನ್ನೊಂದು ಬಾತ್‌ರೂಮಿನಲ್ಲಿರುವುದು ಇಂಡಿಯನ್. ಕುಕ್ಕರಗಾಲಲ್ಲಿ ಕೂರಲೇಬಾರದು ಎಂದಿದ್ದಾರೆ ಡಾಕ್ಟರು. ಅತ್ತೆಗೆ ಗತಿ ಇದೊಂದೇ. ಪ್ಲಂಬರಿಗೆ ಫೋನ್ ಮಾಡಿದರೆ, "ಇಲ್ಲೇ ಚಿಕ್ಕಲಸಂದ್ರದಲ್ಲಿದ್ದೀನಿ ಮೇಡಂ, ಹತ್ತೇ ನಿಮಿಷ" ಎಂದ. ನಾಲ್ಕು ದಿನ ಅಲ್ಲೇ ಇದ್ದ.

ಐದನೆಯ ದಿನ ಹೊಲಿಗೆ ಟೇಪಿನಲ್ಲಿ ಅಳತೆ ತೆಗೆದುಕೊಂಡು ನಾನೇ ಇಟ್ಟಮಡುವಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಮೆತ್ತಗೆ ಮುಚ್ಕೊಳ್ಳೋದು ಕೊಡ್ಲಾ ಮೇಡಂ? ಸದ್ದೇ ಬರಲ್ಲ" ಎಂದರು ಅಂಗಡಿಯವರು.

"ಮುಚ್ಚಳದ ಸದ್ದು ನಿಂತು ಏನ್ ಬಂತು ಸಾರ್, ಮಿಕ್ಕಿದ್ದು ಬರತ್ತಲ್ಲ" ಎಂದೆ. ಆದರೂ ಅದನ್ನೇ ತಂದೆ.

ಡಬ್ಬವನ್ನು ಊಟದ ಮೇಜಿನ ಮೇಲಿಟ್ಟು ಸೀದಾ ಹಳೇ ಸೀಟು ಬಿಚ್ಚಲು ಹೋದೆ. ಹಿಂದೆ ಎರಡು ಬೋಲ್ಟು, ಎರಡಕ್ಕೂ ತುಕ್ಕು. ಕೊಬ್ಬರಿ ಎಣ್ಣೆ ಬಿಟ್ಟೆ, ಬೈದೆ, ತಿರುಚಿದೆ. ಅರ್ಧ ಗಂಟೆ ಹಿಡಿಯಿತು.

ಹೊರಗಿನಿಂದ ಅತ್ತೆ, "ಆಯ್ತಾ? ಎರಡನೇ ಕಾಫಿ ಕುಡ್ದುಬಿಟ್ಟಿದೀನಿ ಕಣೆ!" ಎಂದರು. ಎರಡನೇ ಕಾಫಿಯ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಓಡಿಬಂದು ನೋಡಿದರೆ ಮೇಜು ಖಾಲಿ. ಡಬ್ಬ ದೇವರ ಮುಂದಿತ್ತು. ಅರಿಶಿನ, ಕುಂಕುಮ, ಮೇಲೊಂದು ಕೆಂಪು ದಾಸವಾಳ. ಹೊಸ ವಸ್ತು ಯಾವುದೇ ಬರಲಿ, ಮೊದಲು ದೇವರು ನೋಡಬೇಕು ಎನ್ನುವುದು ಅತ್ತೆಯ ನಿಯಮ. ಕನ್ನಡಕ ಮಾತ್ರ ಹಾಕಿಕೊಂಡಿರಲಿಲ್ಲ.

"ಅತ್ತೆ, ಅದು ನೀವು ಕೇಳಿದ್ದ ಮಿಕ್ಸಿ ಅಲ್ಲ."

"ಮತ್ತೇನು?"

ಹೇಳಿದೆ. ವಾಕರ್ ಹಿಡಿದಿದ್ದವರು ಹಾಗೇ ಗೋಡೆಗೊರಗಿದರು.

"ಅಯ್ಯಯ್ಯೋ, ಮಂಗಳಾರತಿನೂ ಮಾಡ್ಬಿಟ್ನಲ್ಲೇ! ಇನ್ನು ಅದರ ಮೇಲೆ ಹೇಗೆ ಕೂತ್ಕೊಳ್ಲಿ?"

"ಆಯುಧ ಪೂಜೆಲಿ ಸ್ಕೂಟರ್‌ಗೂ ಪೂಜೆ ಮಾಡ್ತೀವಿ. ಆಮೇಲೆ ಕೂತ್ಕೊಳ್ಳಲ್ವಾ?"

"ಸ್ಕೂಟರ್ ಮೇಲೆ ಕೂತು ಯಾರಾದ್ರೂ ಈ ಕೆಲ್ಸ ಮಾಡ್ತಾರೇನೆ?"

"ಕುಂಕುಮ ಇಟ್ಟಿದ್ದು ಡಬ್ಬಕ್ಕೆ ತಾನೆ, ಸೀಟಿಗಲ್ವಲ್ಲ" ಎಂದು ನೋಡಿದೆ.

"ಮಂಗಳಾರತಿ ರಟ್ಟು ನೋಡಿ ನಿಂತ್ಕೊಳ್ಳತ್ತಾ? ಒಳಗೂ ಹೋಗಿರತ್ತೆ."

"ಸರಿ ಬಿಡಿ, ವಾಪಸ್ ಕೊಟ್ಟು ಬೇರೆ ತರ್ತೀನಿ."

"ಎಷ್ಟೊತ್ತಾಗತ್ತೆ?"

"ಒಂದು ಗಂಟೆ."

ಅತ್ತೆ ಕಣ್ಣು ಮುಚ್ಚಿದರು. ಕ್ಷಮೆ ಕೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ತಡೆದುಕೊಳ್ಳುತ್ತಿದ್ದರು.

"ಮೊದ್ಲು ಅದನ್ನ ಹಾಕೇ! ದೇವರ ಹತ್ರ ನಾನು ಆಮೇಲೆ ಮಾತಾಡ್ಕೋತೀನಿ!"

ಎರಡು ನಟ್ಟು ತಿರುಗಿಸಲು ಎರಡೇ ನಿಮಿಷ. ಅತ್ತೆ ಒಳಗೆ ಹೋದರು. ಬಿದ್ದುಗಿದ್ದಾರು ಎಂದು ನಾನು ಬಾಗಿಲಲ್ಲೇ ನಿಂತೆ.

"ಅಲ್ಲಿ ಕಾವಲು ಕಾಯ್ಬೇಡ, ಆಚೆ ಹೋಗು!"

ಹೊರಬಂದವರು ಕೈಕಾಲು ತೊಳೆದು, ದೇವರ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಲು ಗಂಟೆ ಕೂತರು. ಏನು ಮಾತಾಯಿತೋ, ಇವತ್ತಿನವರೆಗೂ ನನಗೆ ಹೇಳಿಲ್ಲ.

ನಿಮ್ಮ ಮನೆಯ ದೇವರಿಗೆ ಏನೇನು ತೋರಿಸಿ ಪೇಚಿಗೆ ಸಿಕ್ಕಿದ್ದೀರಿ? ಕಾಮೆಂಟಿನಲ್ಲಿ ಬರೆಯಿರಿ. ಅತ್ತೆಗೆ ಓದಿ ಹೇಳುತ್ತೇನೆ, ತಾವೊಬ್ಬರೇ ಅಲ್ಲವೆಂದು ಸಮಾಧಾನವಾದರೂ ಆಗಲಿ.