ವಿಮಾನಕ್ಕೆಂದು ನೆಯ್ದ ಸೀರೆ

ಗಂಗವ್ವನಿಗೆ ಬಂದ ಪತ್ರವನ್ನು ನಾನು ಸುಳ್ಳು ಓದಿದೆ. ಇಂಗ್ಲಿಷ್ ಬಾರದೆ ಆದ ತಪ್ಪಲ್ಲ — ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಓದಲು ನನಗೆ ಹೇಳಿದ್ದರು.

ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಅಪ್ಪ ಬನಹಟ್ಟಿಯಲ್ಲಿ ಡಾಕ್ಟರ್. ನಾನು ಬೆಳಗಾವಿಯ ಕಾನ್ವೆಂಟಿನಿಂದ ರಜೆಗೆ ಬಂದವಳು. ಗಂಗವ್ವ ನೇಕಾರ ಶಿವಪ್ಪನವರ ಮಗಳು, ನನ್ನ ಜೀವದ ಗೆಳತಿ. ಆ ಬೇಸಿಗೆ ಜಮಖಂಡಿಯ ಹೊರಗಿನ ಬಯಲಿಗೆ ಒಂದು ಪುಟ್ಟ ವಿಮಾನ ಬಂತು. ಪೈಲಟ್ ಒಬ್ಬೊಬ್ಬರನ್ನೇ ಒಂದು ಸುತ್ತು ಹಾರಿಸಿ ತರುತ್ತಿದ್ದ. ನನ್ನ ಸರದಿ ಬಂದಾಗ ಹಿಂದೆ ಸರಿದೆ. ಗಂಗವ್ವ ಸೆರಗು ಬಿಗಿದು ಹತ್ತಿಯೇಬಿಟ್ಟಳು. ಅವಳು ಮೇಲೇರಿದ್ದನ್ನು — ಓ ಗಾಡ್, ಇಂದಿಗೂ ಕತ್ತೆತ್ತಿಯೇ ನೆನೆಯುತ್ತೇನೆ.

ಇಳಿದವಳು ನಕ್ಕಳು. "ಲೇ ಪುಕ್ಕಲಿ! ಮ್ಯಾಲಿಂದ ನಮ್ಮ ಸೀಮಿ ಮಗ್ಗದಾಗಿನ ಸೀರಿ ಕಂಡಂಗ ಕಾಣ್ತೈತಿ. ಕೃಷ್ಣಾ ಹೊಳಿನ ಅದರ ದಡಿ!"

ಪ್ರಯಾಣಿಕರ ದೊಡ್ಡ ವಿಮಾನವನ್ನೇ ನಡೆಸುತ್ತೇನೆಂದು ಹಟ ಹಿಡಿದಳು. ಮುಂಬಯಿಯ ಒಂದು ತರಬೇತಿ ಶಾಲೆಗೆ ಅವಳ ಅಪ್ಲಿಕೇಶನ್ ಬರೆದವಳು ನಾನೇ. ವಿಳಾಸ ಅಪ್ಪನ ದವಾಖಾನೆಯದು. ಶಿವಪ್ಪನವರು ಬೇಡವೆನ್ನಲಿಲ್ಲ. ಮಾಮೂಲಿಗಿಂತ ಒಂದು ಗೇಣು ಅಗಲ ಕಡಿಮೆಯ ಸೀರೆಯನ್ನು ಮಗ್ಗಕ್ಕೆ ಹೂಡಿದರು.

"ವಿಮಾನಕ್ಕೂ ನಮ್ಮ ಮಗ್ಗದಂಗ ಕಾಲಾಗ ತುಳಿಯೂದೈತಂತ. ಸೀರಿ ತೊಡರಬಾರದವಾ."

ಪತ್ರ ಬಂತು. ತಂದೆಯ ಒಪ್ಪಿಗೆಯೊಂದಿಗೆ ಪರೀಕ್ಷೆಗೆ ಬರಬೇಕೆಂದಿತ್ತು. ಮಗ್ಗದ ಪಕ್ಕ ನಿಂತು ಓದಿದೆ:

"ಹೆಂಗಸರನ್ನ ತಗೊಳ್ಳೂದಿಲ್ಲಂತ."

ಮಗ್ಗ ನಿಂತಿತು. ಕಾಗದವನ್ನು ಯಾರೂ ಕೇಳಲಿಲ್ಲ — ಅಷ್ಟು ನಂಬಿಕೆ. "ಇರ್ಲಿ ಬಿಡs, ಒಮ್ಮೆರ ಹೋಗಿ ಬಂದೇನಲ್ಲ," ಎಂದು ಗಂಗವ್ವ ನನ್ನನ್ನೇ ಸಮಾಧಾನಪಡಿಸಿದಳು. ಶಿವಪ್ಪನವರು ಸೀರೆ ಮುಗಿಸಿ ನನ್ನ ಕೈಗಿತ್ತರು. "ಅಕೀ ಸಲುವಾಗಿ ಭಾಳ ಬರ್ದಿ ತಂಗಿ. ನೀನ ಇಟ್ಕೋ."

ಗೆಳತಿ ದೂರವಾಗುವಳೆಂಬ ಭಯದಿಂದ ಹಾಗೆ ಮಾಡಿದೆನೆಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಜೆಲಸಿ, ಅಷ್ಟೇ. ಇಷ್ಟು ಇಂಗ್ಲಿಷ್ ಕಲಿತ ನಾನು ನೆಲದ ಮೇಲೆ ನಿಂತಿದ್ದೆ — ಅವಳು...

ಕಳೆದ ತಿಂಗಳು, ಈ ಮುಪ್ಪಿನಲ್ಲಿ, ಮೊದಲ ಬಾರಿ ವಿಮಾನ ಹತ್ತಿದೆ. ಕ್ಯಾಪ್ಟನ್ ಮಾತಾಡಿದರು — ಹೆಣ್ಣುದನಿ! ಪಕ್ಕದವರು ಪೇಪರ್ ಮಡಚುತ್ತಿದ್ದರು; ನನಗೆ ಮೈಯೆಲ್ಲ ಜುಮ್ಮೆಂದಿತು. ಅಷ್ಟು ಜನರನ್ನು ಆ ಹುಡುಗಿ ಎಷ್ಟು ಸಲೀಸಾಗಿ ಮೇಲೆತ್ತಿದಳು! ಮೋಡ ಕೆಳಗಾಯಿತು. ಎಲ್ಲೋ ಒಂದು ಹೊಳೆ — ಸೀರೆಯ ದಡಿಯ ಹಾಗೆ, ಥೇಟ್ ಹಾಗೇ. ಗಂಗವ್ವ ಸುಳ್ಳು ಹೇಳಿರಲಿಲ್ಲ.

ಗಂಗವ್ವ ಈಗ ತೇರದಾಳದಲ್ಲಿ ಮಗಳ ಮನೆಯಲ್ಲಿದ್ದಾಳೆ. ಪತ್ರ ಆ ಸೀರೆಯ ಮಡಿಕೆಯಲ್ಲೇ ಇದೆ. ನಾಳೆ ಎರಡನ್ನೂ ಒಯ್ಯುತ್ತೇನೆ. ಅವಳೆದುರು ನಿಂತು, ಈ ಸಲ, ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ.