ಗಾಜಿಗೊಂದು ಬೊಟ್ಟು

ನಮ್ಮ ಮನೆಯ ನಿಲುವುಗನ್ನಡಿಯ ಮೇಲೆ ಯಾವಾಗ ನೋಡಿದರೂ ಒಂದೆರಡು ಬೊಟ್ಟುಗಳು ಅಂಟಿಕೊಂಡಿರುತ್ತವೆ. ನಿಮ್ಮ ಮನೆಯಲ್ಲೂ ಇರುತ್ತವೆ, ಇಲ್ಲವೆನ್ನಬೇಡಿ. ಮುಖ ತೊಳೆಯುವ ಮುನ್ನ ಹಣೆಯಿಂದ ಬಿಡಿಸಿ ಕನ್ನಡಿಗೆ ಅಂಟಿಸುವುದು, ತೊಳೆದು ಬಂದ ಮೇಲೆ ಕನ್ನಡಿಯಿಂದ ಬಿಡಿಸಿ ಹಣೆಗೆ ಅಂಟಿಸುವುದು, ಅಷ್ಟರಲ್ಲಿ ಹೊಸದೊಂದರ ಮೇಲೆ ಮನಸ್ಸಾದರೆ ಹಳೆಯದನ್ನು ಅಲ್ಲೇ ಮರೆತುಬಿಡುವುದು. ಹೀಗೆ ನನ್ನ ಹೆಂಡತಿ ಸುಶೀಲೆಯ ಹಣೆಗೂ ಆ ಕನ್ನಡಿಗೂ ಮದುವೆಯಾದಂದಿನಿಂದ ಒಂದು ಕೊಡುಕೊಳ್ಳುವಿಕೆ ನಡೆದೇ ಇದೆ. ಅವಳು ನನಗಿಂತ ಗೇಣುದ್ದ ಗಿಡ್ಡ. ಹಾಗಾಗಿ ನಾನು ತಲೆ ಬಾಚಿಕೊಳ್ಳಲು ನಿಂತರೆ ಆ ಬೊಟ್ಟುಗಳು ನನ್ನ ಪ್ರತಿಬಿಂಬದ ಕೊರಳ ಹತ್ತಿರ, ಅಂಗಿಗೆ ತಪ್ಪಾಗಿ ಹೊಲಿದ ಗುಂಡಿಗಳ ಹಾಗೆ ಕೂತಿರುತ್ತವೆ. ಅವನ್ನು ಉಗುರಿನಿಂದ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಗಾಜನ್ನು ಗಾಜಾಗಿಸುವುದು ನನ್ನ ಭಾನುವಾರದ ಕಾಯಕವಾಗಿತ್ತು. ಗಾಜು ಎಂದರೆ ಇದ್ದೂ ಇಲ್ಲದಂತಿರಬೇಕು ಎಂಬುದು ನನ್ನ ಹಠ.

ಈ ಹಠಕ್ಕೆ ನನ್ನ ಕಸುಬೂ ಒಂದಿಷ್ಟು ಕಾರಣ. ನಾವಿರುವುದು ಕನಕಪುರದಲ್ಲಿ, ನಾನು ದಿನವೂ ಹೋಗಿಬರುವುದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ. ಮನೆಗಳ ತಾರಸಿಗೆ, ಬಾಲ್ಕನಿಗೆ, ಮೆಟ್ಟಿಲಿಗೆ ಗಾಜಿನ ಕಟಕಟೆ ಮಾಡುವ ಜಾಗ ಅದು. ಅಲ್ಲಿ ಗಾಜು ಕತ್ತರಿಸುವವರು ಬೇರೆ, ಹೋಗಿ ಕೂಡಿಸಿ ಬರುವವರು ಬೇರೆ, ನಾನು ಬರೆಯುವವನು. ಗಾಜು ಎಷ್ಟು ದಪ್ಪವಿರಬೇಕು, ಎಷ್ಟು ಎತ್ತರ ನಿಲ್ಲಬೇಕು, ಜನ ಒರಗಿದರೆ ಎಷ್ಟು ಭಾರ ತಡೆಯಬೇಕು, ಅದರ ಬುಡ ಕೂರುವ ಅಲ್ಯೂಮಿನಿಯಂ ದೋಣಿಯಲ್ಲಿ ಮಳೆನೀರು ನಿಂತರೆ ಎಲ್ಲಿಂದ ಹೊರಗೆ ಹೋಗಬೇಕು, ತಾರಸಿಯ ನೆಲ ಯಾವ ಮೂಲೆಗೆ ವಾಟವಾಗಿ ಇಳಿದಿರಬೇಕು, ಇವೆಲ್ಲವನ್ನೂ ಒಬ್ಬರು ಓದಿ ಇನ್ನೊಬ್ಬರು ಜಗಳ ತೆಗೆಯಲಾಗದ ಹಾಗೆ ಬರೆದಿಡುವುದು ನನ್ನ ಕೆಲಸ. ಕೂಡಿಸುವ ಹುಡುಗರಿಗೆಂದು ಅದನ್ನು ಕನ್ನಡಕ್ಕೆ ತರಲು ಕೂತಾಗ ಆ ಪುಸ್ತಕಕ್ಕೆ ‘ಕೈಪಿಡಿ’ ಎಂದು ಹೆಸರಿಟ್ಟೆ. ಕಟಕಟೆಯ ಮೇಲಂಚಿನಲ್ಲಿ ಕೈ ಊರಲು ಇರುವ ಪಟ್ಟಿಗೂ ಕೈಪಿಡಿಗಿಂತ ಒಳ್ಳೆಯ ಪದ ಹೊಳೆಯಲಿಲ್ಲ. ಕೊನೆಗೆ ‘ಕೈಪಿಡಿಯನ್ನು ಕೈಪಿಡಿಯಲ್ಲಿ ಹೇಳಿದಂತೆಯೇ ಬಿಗಿಯಿರಿ’ ಎಂಬ ಸಾಲನ್ನು ಬರೆದು, ಓದಿ, ನಾನೇ ನಕ್ಕು, ಮೇಲಿನದನ್ನು ‘ಹಿಡಿಪಟ್ಟಿ’ ಮಾಡಿದೆ.

ನನ್ನಂಥ ಬರಹಗಾರನ ಪರಮಶತ್ರು ಯಾರು ಗೊತ್ತೆ? ‘ಒಸಿ’ ಎಂಬ ಎರಡಕ್ಷರದ ಪದ, ಅಂದರೆ ‘ಸ್ವಲ್ಪ’. ನಮ್ಮ ಕಡೆ ಇದು ಸರ್ವಾಂತರ್ಯಾಮಿ. ಸಾರಿಗೆ ಒಸಿ ಉಪ್ಪು, ಬಸ್ಸಿನಲ್ಲಿ ಒಸಿ ಜಾಗ, ಬಿದ್ದ ಕಾಲಿಗೆ ಒಸಿ ನೋವು. ‘ನೆಲಕ್ಕೆ ವಾಟ ಎಷ್ಟು ಕೊಟ್ಟಿದ್ದೀರಿ?’ ಎಂದು ಮೇಸ್ತ್ರಿಯನ್ನು ಕೇಳಿದರೆ ‘ಒಸಿ ಕೊಟ್ಟಿವ್ನಿ ಸಾರ್’ ಎನ್ನುತ್ತಾನೆ. ಒಸಿ ಎಂದರೆ ಎಷ್ಟು ಮಿಲಿಮೀಟರ್ ಎಂದು ಪಟ್ಟು ಹಿಡಿದರೆ ಒಂದು ಕ್ಷಣ ಯೋಚಿಸಿ, ‘ಜಾಸ್ತಿ ಇಲ್ಲ, ಒಸಿಯ’ ಎನ್ನುತ್ತಾನೆ. ನನ್ನ ಕೈಪಿಡಿಯಿಂದ ಈ ಒಸಿಯನ್ನು ಓಡಿಸಿದ್ದೇ ನನ್ನ ಜೀವಮಾನದ ಸಾಧನೆ ಎಂದು ಬಹಳ ಕಾಲ ಬೀಗಿಕೊಂಡಿದ್ದೆ.

ಆ ಕೈಪಿಡಿಯಲ್ಲಿ ‘ಗುರುತು’ ಎಂದೊಂದು ಕಲಮು ಇದೆ. ಚೌಕಟ್ಟಾಗಲೀ ಹಿಡಿಪಟ್ಟಿಯಾಗಲೀ ಇಲ್ಲದ ಅಪ್ಪಟ ಗಾಜನ್ನು ನಿಲ್ಲಿಸಿದರೆ ಜನ ಅದನ್ನು ಬಯಲೆಂದೇ ತಿಳಿದು ಮೂಗು ಜಜ್ಜಿಕೊಳ್ಳುತ್ತಾರೆ. ಆದ್ದರಿಂದ ಕಣ್ಣಳತೆಯಲ್ಲಿ, ಅಂದರೆ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಚುಕ್ಕೆಯನ್ನೋ ಪಟ್ಟಿಯನ್ನೋ ಗುರುತಾಗಿ ಹಾಕತಕ್ಕದ್ದು ಎಂದು ಅದು ಹೇಳುತ್ತದೆ. ಪಾರದರ್ಶಕತೆಯನ್ನು ನಾವು ಸುಮ್ಮನೆ ಹೊಗಳುತ್ತೇವೆ, ನೋಡಿ. ಪಾರದರ್ಶಕ ಆಡಳಿತ ಎಂದು ಬೋರ್ಡು ಹಾಕಿದ ಕಚೇರಿಗೆ ನೀವೂ ಹೋಗಿರುತ್ತೀರಿ. ಒಳಗಿರುವುದೆಲ್ಲ ನಿಚ್ಚಳವಾಗಿ ಕಾಣುತ್ತದೆ, ನಮ್ಮ ಅರ್ಜಿಯೂ ಕಾಣುತ್ತದೆ. ಕೈಚಾಚಿದರೆ ಮಾತ್ರ ನಡುವೆ ಏನೋ ತಣ್ಣಗೆ ತಡೆಯುತ್ತದೆ. ಅಂಥ ಕಡೆಯೂ ನಮ್ಮ ಕಲಮಿನ ಪ್ರಕಾರ ಒಂದು ಚುಕ್ಕೆ ಇಟ್ಟಿದ್ದರೆ ಎಷ್ಟೋ ಮೂಗುಗಳು ಉಳಿಯುತ್ತಿದ್ದವು. ಈ ಕಲಮನ್ನು ನಾನು ಒಮ್ಮೆ ಊಟದ ಹೊತ್ತಿನಲ್ಲಿ ಸುಶೀಲೆಗೆ ಓದಿ ಹೇಳಿದೆ. ಅವಳು ಹುಳಿ ಬಡಿಸುತ್ತಾ, “ನಿಮ್ ಕಂಪ್ನಿ ಗಾಜಿಗೆ ಗುರುತು ಬೇಕು, ನಮ್ಮನೆ ಗಾಜಿಗೆ ಬ್ಯಾಡ್ವಾ?” ಎಂದಳು. ನಾನು ಇನ್ನಷ್ಟು ಅನ್ನ ಹಾಕಿಸಿಕೊಂಡೆ.

ನಮ್ಮ ಕಾರ್ಖಾನೆಯ ಕತ್ತರಿಸುವ ಮೇಜಿನ ಮೇಲ್ವಿಚಾರಣೆ ಸವಿತಾಳದು. ಮರಳವಾಡಿಯ ಹುಡುಗಿ. ತಂದೆ ಬೀರಣ್ಣ, ತಾಯಿ ಪುಟ್ಟಮ್ಮ, ಇಬ್ಬರೂ ಬದುಕಿಡೀ ಕುರಿಯ ಹಿಂದೆ ಗುಡ್ಡ ಹತ್ತಿ ಇಳಿದವರು. ಈಚೆಗೆ ಪುಟ್ಟಮ್ಮನ ಮಂಡಿ ಕೈಕೊಟ್ಟು, ಗುಡ್ಡ ಹತ್ತಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬೀರಣ್ಣ ಒಬ್ಬನೇ ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ಆಕೆ ಮನೆಯ ಜಗಲಿಯಲ್ಲಿ ಕೂತು ಸಂಜೆಯವರೆಗೂ ಚಡಪಡಿಸುತ್ತಿದ್ದಳು. ಸವಿತಾ ಹೊಸ ಮನೆ ಕಟ್ಟಿಸುವಾಗ ಗುಡ್ಡಕ್ಕೆ ಮುಖ ಮಾಡಿ ತಾರಸಿ ಬಿಡಿಸಿದ್ದು ಅದಕ್ಕೇ. ಇಟ್ಟಿಗೆಯ ಗೋಡೆ ಎಬ್ಬಿಸಿದರೆ ಕುರ್ಚಿಯಲ್ಲಿ ಕೂತವರಿಗೆ ಗುಡ್ಡ ಮರೆಯಾಗುತ್ತದೆ. ಗಾಜಾದರೆ ಕೂತಲ್ಲಿಂದಲೇ ಮಂದೆ ಕಾಣುತ್ತದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಎರಡು ಗಾಜುಗಳ ನಡುವೆ ಅಂಟುಹಾಳೆಯಿಟ್ಟು ಬೆಸೆದ ಮಾದರಿಯನ್ನು ಆರಿಸಿಕೊಂಡಳು. ಒಂದು ಗಾಜು ಬಿರುಕು ಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ, ಒಳ್ಳೆಯ ದಾಂಪತ್ಯದ ಹಾಗೆ. ಗುರುತಿನ ಕಲಮಿನ ಹತ್ತಿರ ಬಂದಾಗ ಮಾತ್ರ ಅವಳು ನನ್ನ ಮುಂದೆ ಕೈಮುಗಿದುಬಿಟ್ಟಳು. “ನಾನೇ ಕತ್ತರ್ಸಿದ್ ಗಾಜು ಸಾರ್. ನಮ್ಮನೇಲಿ ನೀರಿದ್ದಂಗಿರ್ಬೇಕು. ಚುಕ್ಕೆ ಪಟ್ಟೆ ಏನೂ ಬ್ಯಾಡಿ.” ಗಾಜಿನ ವಿಷಯದಲ್ಲಿ ನನ್ನಷ್ಟೇ ಹುಚ್ಚಿರುವ ಇನ್ನೊಂದು ಜೀವ ಸಿಕ್ಕಿತಲ್ಲ ಎಂದು ನಾನೂ ಕರಗಿ ಆ ಕಲಮನ್ನು ಬಿಟ್ಟುಕೊಟ್ಟೆ.

ಹಾಲುಕ್ಕಿಸಿ ಒಕ್ಕಲಾದ ಮೇಲೆ ಒಂದು ಸೋಮವಾರ ಸವಿತಾ ನನ್ನ ಮೇಜಿನ ಮುಂದೆ ಸಪ್ಪಗೆ ಬಂದು ನಿಂತಳು. “ಅವ್ವ ತಾರಸಿ ಬಾಗ್ಲು ದಾಟ್ತಿಲ್ಲ ಸಾರ್. ಕರುದ್ರೆ ಹೊಸ್ಲಲ್ಲೇ ನಿಂತ್ಕೊಂಡು ಬೆವರ್ತಾಳೆ. ಯಾರ್ಗೋಸ್ಕರ ಕಟ್ಸ್ದೆ ಹೇಳಿ ಇದ್ನ?” ಎಂದಳು. ನನಗೂ ಸಂಕಟವಾಯಿತು. ಗಾಜು ಗಟ್ಟಿಯಿದೆ ಎಂದು ಬರೆದು ಸಹಿ ಹಾಕಿದವನು ನಾನು. ಒಬ್ಬ ಹೆಂಗಸು ಅದನ್ನು ನಂಬದೆ ತನ್ನ ಕುರಿಗಳ ಮುಖವನ್ನೇ ಕಳೆದುಕೊಳ್ಳುತ್ತಿದ್ದಾಳೆ ಎಂದರೆ ನನ್ನ ಕೈಪಿಡಿ ಯಾರ ಕೈ ಹಿಡಿದಂತಾಯಿತು?

ಮುಂದಿನ ಭಾನುವಾರ, ಕನ್ನಡಿ ಕೆರೆಯುವ ಕಾಯಕವನ್ನು ಬದಿಗಿಟ್ಟು, ಸುಶೀಲೆಯನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮರಳವಾಡಿಗೆ ಹೋದೆ. ಸಂಜೆ ಬಿಸಿಲು ಇಳಿಯುತ್ತಿತ್ತು. ತಾರಸಿಯ ಬಾಗಿಲಲ್ಲಿ ಪುಟ್ಟಮ್ಮ ಎರಡು ಕೈಯಲ್ಲೂ ಚೌಕಟ್ಟು ಹಿಡಿದು ನಿಂತಿದ್ದಳು. ಎದುರಿಗೆ ಗಾಜು, ನಾನೇ ಹೇಳಬೇಕೆಂದರೆ, ಎಂಥ ಗಾಜು ಅದು! ಇದೆಯೆಂದು ಗೊತ್ತಿದ್ದ ನನ್ನ ಕಣ್ಣಿಗೂ ಕಾಣಲಿಲ್ಲ. ತಾರಸಿ ಮುಗಿದು ನೇರವಾಗಿ ಗುಡ್ಡ ಶುರುವಾದಂತಿತ್ತು.

ನಾನು ಗಂಟಲು ಸರಿಮಾಡಿಕೊಂಡು ಗಾಜಿನ ದಪ್ಪ, ಅಂಟುಹಾಳೆಯ ಮಹಿಮೆ, ತಡೆಯುವ ಭಾರ, ಎಲ್ಲವನ್ನೂ ವಿವರಿಸಿದೆ. ಪುಟ್ಟಮ್ಮ ಮರ್ಯಾದೆಯಿಂದ ಕೇಳಿಸಿಕೊಂಡು, “ಹಂಗಾರೆ ನೀವೊಸಿ ಒರಗಿ ತೋರ್ಸಿ ಸ್ವಾಮಿ” ಎಂದಳು.

ಓದುಗ ಮಿತ್ರರೇ, ನಿಮ್ಮಲ್ಲಿ ಮುಚ್ಚುಮರೆಯೇಕೆ? ಇಷ್ಟು ವರ್ಷ ಒರಗುವವರ ಭಾರವನ್ನು ಬರೆದ ನಾನು ಒಮ್ಮೆಯೂ ಹೀಗೆ ಬೆನ್ನು ಕೊಟ್ಟು ಒರಗಿರಲಿಲ್ಲ. ಬರೆಯುವವರ ಹಣೆಬರಹವೇ ಅಷ್ಟು. ಅಡುಗೆ ಪುಸ್ತಕ ಬರೆದವರು ಹೋಟೆಲಿನಲ್ಲಿ ಊಟ ಮಾಡುತ್ತಾರೆ. ಬಲವಂತದ ನಗುಮುಖ ಮಾಡಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟು ಒರಗಿದೆ. ಗಾಜು ತಣ್ಣಗೆ ಬೆನ್ನಿಗೆ ತಾಗಿತು, ನನ್ನೆಲ್ಲ ಭಾರವನ್ನೂ ಮಿಸುಕದೆ ಹೊತ್ತಿತು. ನನ್ನ ವಾಕ್ಯವೊಂದು ನನ್ನನ್ನೇ ಹಿಡಿದು ನಿಲ್ಲಿಸಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

“ನೋಡಿದ್ರಾ? ಈಗ ನಂಬಿಕೆ ಬಂತಾ?” ಎಂದೆ.

ಪುಟ್ಟಮ್ಮ ಇಲ್ಲವೆಂದು ತಲೆಯಾಡಿಸಿದಳು. “ನೀವು ಒರಗಿದ್ದು ಕಾಣ್ತು ಸ್ವಾಮಿ, ಗಾಜು ಕಾಣ್ನಿಲ್ಲ. ಗಾಳಿಗೆ ಒರಗವ್ರೇನೋ ಅನ್ನಂಗಿತ್ತು. ನಮ್ಗೂ ಜೀವ ಬಾಯಿಗ್ ಬಂದ್ಬುಡ್ತು.”

ಸುಶೀಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಸವಿತಾ ನಗಲಿಲ್ಲ. “ಗಟ್ಟಿ ಐತೆ ಕಣವ್ವಾ, ನಾನೇ ಮಾಡಿರೋದು” ಎಂದಳು, ಮಗುವಿನ ಹಾಗೆ.

“ಗಟ್ಟಿ ಇಲ್ಲ ಅಂದ್ನಾ? ಎಲ್ಲೈತೆ ಅಂತ ಗೊತ್ತಾಗ್ಬೇಕಲ್ಲವ್ವ. ಗುರ್ತೇ ಇಲ್ದಿದ್ ಕುರೀನ ನಮ್ದು ಅನ್ನಾಕಾಯ್ತದಾ? ನಮ್ ಮಂದೆಗೆ ಕೆಂಪು ಬಣ್ಣ ಹಚ್ಚಾಕಿಲ್ವಾ, ಬೆನ್ಮ್ಯಾಲೆ? ಅದ್ನೇ ತತ್ತಾ, ಕೊಟ್ಗೇಲಿ ಡಬ್ಬ ಐತೆ. ಇದ್ಕೂ ಒಂದು ಬಳ್ದುಬುಡುವ.”

ಕುರಿಗೆ ಬಳಿಯುವ ಕೆಂಪು ಬಣ್ಣ! ಸವಿತಾ ‘ಅಯ್ಯೋ’ ಎಂದು ಗಾಜಿಗೆ ಅಡ್ಡ ನಿಂತಳು. ನಾನೂ ಅವಳ ಪಕ್ಕದಲ್ಲಿ ಕೈ ಅಗಲಿಸಿ ನಿಂತೆ. ಆಗ ಸುಶೀಲೆ ತನ್ನ ಕೈಚೀಲ ತೆರೆದು ಬೊಟ್ಟಿನ ಪಾಕೀಟನ್ನು ಹೊರತೆಗೆದಳು.

ಸವಿತಾ ಕುರ್ಚಿಯನ್ನು ಬಾಗಿಲಿನ ಒಳಗೇ ಇಟ್ಟು ಪುಟ್ಟಮ್ಮನನ್ನು ಕೂರಿಸಿದಳು. ಸುಶೀಲೆ ಗಾಜಿನ ಮುಂದೆ ಮಂಡಿಯೂರಿ ಕೂತು ಬೆರಳ ತುದಿಯಲ್ಲಿ ಬೊಟ್ಟು ಹಿಡಿದಳು. ನಾನು ಜೇಬಿನಿಂದ ಅಳತೆಪಟ್ಟಿ ಎಳೆದೆ; ಕೈಪಿಡಿಯ ಪ್ರಕಾರ ಕಣ್ಣಳತೆ ಎಂದರೆ ನೆಲದಿಂದ ಇಷ್ಟು ಎಂದು ಬಾಯಿ ತೆರೆದೆ. ಅದು ನಿಂತ ಮನುಷ್ಯನ ಕಣ್ಣಳತೆ, ಸರಿಸುಮಾರು ನನ್ನದೇ ಎತ್ತರದವನದು ಎಂದು ಆಗ ಹೊಳೆಯಿತು. ಆ ಲೆಕ್ಕದಲ್ಲಿ ಬೊಟ್ಟನ್ನು ಗಾಜಿನ ಮೇಲಂಚು ದಾಟಿ ಗಾಳಿಗೆ ಅಂಟಿಸಬೇಕಾಗಿತ್ತು. ಪಟ್ಟಿಯನ್ನು ಸದ್ದಿಲ್ಲದೆ ಜೇಬಿಗೆ ಸೇರಿಸಿದೆ.

“ಇಲ್ಲಾ?” ಎಂದಳು ಸುಶೀಲೆ.

“ಒಸಿ ಕೆಳಿಕ್ಕೆ ಕಣವ್ವ.”

“ಈಗ?”

“ಇನ್ನೊಸಿ… ಹಾಂ, ಅಲ್ಲೇ. ಈಗ ಸಿಕ್ತು ನೋಡು ಗುರುತು.”

ಹೀಗೆ ಒಂದೊಂದು ಗಾಜಿಗೂ ಒಂದೊಂದು ಕೆಂಪು ಬೊಟ್ಟು ಬಿತ್ತು. ನಾನು ಓಡಿಸಿದ್ದ ಒಸಿ, ಮರಳವಾಡಿಯ ತಾರಸಿಯಲ್ಲಿ ಕೂದಲೆಳೆಯಷ್ಟೂ ತಪ್ಪದೆ ತನ್ನ ಜಾಗಕ್ಕೆ ಬಂದು ಕೂತಿತು. ಪುಟ್ಟಮ್ಮ ಕುರ್ಚಿಯಿಂದ ಎದ್ದು, ಬೊಟ್ಟಿನ ಮೇಲೆ ನೆಟ್ಟ ಕಣ್ಣು ಕೀಳದೆ, ಹೊಸಿಲು ದಾಟಿದಳು. ಸವಿತಾ ಕುರ್ಚಿಯನ್ನು ಹಿಂದೆಯೇ ತಂದಳು. ಪುಟ್ಟಮ್ಮ ಗಾಜಿನ ಹತ್ತಿರ ಕೂತು, ಬೊಟ್ಟಿನ ಪಕ್ಕದಲ್ಲಿ ಅಂಗೈ ಊರಿ, ಮೆಲ್ಲಗೆ ದೃಷ್ಟಿಯನ್ನು ಗುಡ್ಡದ ಕಡೆಗೆ ಎತ್ತಿದಳು.

ಬಂಡೆಗಳ ನಡುವಿನಿಂದ ಮಂದೆ ಇಳಿಯುತ್ತಿತ್ತು. ನಮಗೆ ಕಂಡದ್ದು ಬೂದುಬಣ್ಣದ ಚಲನೆ, ನಡುನಡುವೆ ಕೆಂಪು ಗುರುತುಗಳು, ಹಿಂದೆ ಕೋಲು ಹಿಡಿದ ಒಬ್ಬ ಮನುಷ್ಯ. ಪುಟ್ಟಮ್ಮನಿಗೆ ಕಂಡದ್ದು ಬೇರೆ. ಇದ್ದಕ್ಕಿದ್ದಂತೆ ಆಕೆ ಮಂಡಿಯ ನೋವನ್ನೂ ಮರೆತು ಎದ್ದು ನಿಂತು, ಗಾಜಿನ ಮೇಲಂಚನ್ನು ಎರಡು ಕೈಯಲ್ಲೂ ಹಿಡಿದು, ಪೂರಾ ಮೈಭಾರ ಬಿಟ್ಟು, ಗುಡ್ಡ ಅದುರುವಂತೆ ಕೂಗಿದಳು: “ಇಗಾ! ಕರಿಮರಿ ಹಿಂದ್ಕುಳ್ಕತ್ತು, ನೋಡೀ!”

ದೂರದಲ್ಲಿ ಬೀರಣ್ಣ ನಿಂತ. ಮನೆಯ ಕಡೆ ನೋಡಿದ. ಮಂದೆಯಲ್ಲಿ ಜೊತೆಗಿದ್ದವಳ ದನಿ ಎಷ್ಟು ದಿನಗಳ ಮೇಲೆ ಕಿವಿಗೆ ಬಿತ್ತೋ, ಕೋಲನ್ನು ಮೇಲೆತ್ತಿ ಬೀಸಿದ. ಆಮೇಲೆ ಮರಿಯನ್ನು ತರಲು ಬಂಡೆಯ ಹಿಂದಕ್ಕೆ ತಿರುಗಿದ. ಸವಿತಾ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು.

ಬರುವ ದಾರಿಯಲ್ಲೆಲ್ಲ ಗುರುತು ಎಂಬ ಪದವನ್ನೇ ನಾಲಿಗೆಯಲ್ಲಿ ಹೊರಳಾಡಿಸಿದೆ. ಕುರಿಯ ಬೆನ್ನ ಮೇಲಿನದೂ ಗುರುತೇ, ಬಹಳ ದಿನದ ಮೇಲೆ ಸಿಕ್ಕವರು ಕೇಳುವುದೂ ‘ಗುರುತು ಸಿಕ್ಕಿತಾ’ ಎಂದೇ, ಬೇಕಾದವರನ್ನು ನಾವು ಕರೆಯುವುದೂ ಗುರುತಿನವರೆಂದೇ. ಇದ್ದೂ ಇಲ್ಲದಂತಿರುವುದು ಗಾಜಿಗೇನೋ ದೊಡ್ಡ ಗುಣವಿರಬಹುದು; ಆದರೆ ಒರಗಬೇಕಾದವರಿಗೆ ‘ನಾನಿಲ್ಲಿದ್ದೇನೆ’ ಎಂದು ಒಂದು ಚುಕ್ಕೆಯಷ್ಟಾದರೂ ಹೇಳದಿದ್ದರೆ ಆ ಗಟ್ಟಿತನ ಯಾರಿಗೆ ಬಂತು? ಮರುದಿನವೇ ಕೈಪಿಡಿ ತೆರೆದು ಗುರುತಿನ ಕಲಮಿಗೆ ‘ಬಳಸುವವರನ್ನು ಅವರು ಕೂರುವ ಜಾಗದಲ್ಲಿ ಕೂರಿಸಿ, ಅವರನ್ನೇ ಕೇಳಿ’ ಎಂದು ಸೇರಿಸಿದೆ. ಇದು ತಾಂತ್ರಿಕ ಭಾಷೆಯಲ್ಲ ಎಂದು ಮ್ಯಾನೇಜರು ಗೊಣಗಿದರು. ಇರಲಿ ಬಿಡಿ ಎಂದೆ.

ಮೊನ್ನೆ ಭಾನುವಾರ ತಲೆ ಬಾಚಲು ಕನ್ನಡಿಯ ಮುಂದೆ ನಿಂತೆ. ಎಂದಿನ ಜಾಗದಲ್ಲಿ ಎಂದಿನ ಬೊಟ್ಟು. ಅಭ್ಯಾಸಬಲದಿಂದ ಉಗುರು ಹತ್ತಿರ ಹೋಯಿತು, ಅಲ್ಲೇ ನಿಂತಿತು. ಇದು ಯಾರ ಕಣ್ಣಳತೆ ಎಂದು ಇಷ್ಟು ವರ್ಷ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲವಲ್ಲ! ಬಾಚಣಿಗೆ ಕೆಳಗಿಟ್ಟು, ಮಂಡಿ ಮಡಚಿ, ಒಸಿ ಒಸಿಯೇ ಬಗ್ಗಿದೆ. ಕೊರಳಲ್ಲಿದ್ದ ಬೊಟ್ಟು ಗದ್ದಕ್ಕೆ ಬಂತು, ಮೂಗಿಗೆ ಬಂತು, ಕೊನೆಗೆ ಪ್ರತಿಬಿಂಬದ ಹಣೆಯ ನಟ್ಟನಡುವೆ ಬಂದು ಕೂತಿತು.

ಅಷ್ಟರಲ್ಲಿ ಸುಶೀಲೆ ಮುಖ ಒರೆಸಿಕೊಳ್ಳುತ್ತಾ ಬಂದವಳು, ಅರ್ಧ ಕುಕ್ಕರುಗಾಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು, ಕನ್ನಡಿಯನ್ನು ನೋಡಿದಳು. ಕೈಯಲ್ಲಿದ್ದ ಬಟ್ಟೆ ಹೆಗಲಿಗೆ ಹಾಕಿಕೊಂಡು, “ಈಗ ಸಿಕ್ತು ನೋಡಿ ಗುರುತು” ಎಂದಳು.